ಹೆಣ್ಣುಗಿಣಿಯ ಕಣ್ಣು

ಆ ಕಾಗದ ಇನ್ನೂ ಹಸಿ ಇದೆ, ಮುಟ್ಟಬೇಡಿ. ಸಣ್ಣಮ್ಮ ಗಂಡನಿಗೆ ಕೊನೆಗೆ ಹೇಳಿದ್ದು ಅಷ್ಟೇ ಅಂತೆ. ಹೇಳಿ ಗೋಡೆಗೆ ಒರಗಿದಳಂತೆ. ಮತ್ತೆ ಏಳಲಿಲ್ಲವಂತೆ.

ಯಾವ ಕಾಲದ್ದೋ ಮಗಾ, ನಂಗೊತ್ತಿಲ್ಲ. ಪಾಳೇಗಾರರಿದ್ದ ಕಾಲ. ಹೂಂ ಅಂತಿರು, ಇಲ್ದಿದ್ರೆ ಕತೆ ನಿಂತುಬಿಡುತ್ತೆ.

ಗಂಡನ ಹೆಸರು ನಂಜಾಚಾರಿ. ಅವನ ಹತ್ತಿರ ಒಂದು ಮರದ ಅಚ್ಚು ಇತ್ತಂತೆ, ಅದರಲ್ಲಿ ಎರಡು ಗಿಣಿ, ಒಂದು ಗಂಡು ಒಂದು ಹೆಣ್ಣು, ಎದುರುಬದುರು. ಕೆತ್ತಿದವನು ಸಣ್ಣಮ್ಮನ ತಮ್ಮ ಕಾಳಾಚಾರಿ. ನಂಜಾಚಾರಿ ಅಚ್ಚಿಗೆ ಮಸಿ ಬಳಿಯೋದು, ಸಣ್ಣಮ್ಮ ಮೇಲೆ ಕಾಗದ ಹಾಸಿ ಬಟ್ಟೆ ಉಂಡೆಯಿಂದ ಉಜ್ಜೋದು, ಆಮೇಲೆ ಮೆಲ್ಲಗೆ ಎತ್ತೋದು. ಎತ್ತೋವರೆಗೂ ಒಳಗೇನಾಗಿದೆ ಅಂತ ಯಾರಿಗೂ ತಿಳಿಯಲ್ಲ. ಮಸಿಗೆ ಗೊತ್ತು, ಕಾಗದಕ್ಕೆ ಗೊತ್ತು. ಮದುವೆಯಾಗೋ ಮನೆಯವರೆಲ್ಲ ಆ ಜೋಡಿಗಿಣಿ ಒಯ್ದು ಬಾಗಿಲಿಗೆ ಅಂಟಿಸ್ತಿದ್ದರಂತೆ.

ಅವಳು ಹೋಗಿ ತಿಂಗಳಾಯ್ತು. ಪಾಳೇಗಾರನ ಮಗಳ ಮದುವೆ ಬಂತು. ನಂಜಾಚಾರಿ ಒಬ್ಬನೇ ಮಸಿ ಬಳಿದ, ಒಬ್ಬನೇ ಉಜ್ಜಿದ, ಎತ್ತಿ ನೋಡಿದ. ಹೆಣ್ಣುಗಿಣಿಗೆ ಕಣ್ಣಿಲ್ಲ. ಇನ್ನೊಂದು ಒತ್ತಿದ. ಇಲ್ಲ. ಅಚ್ಚು ಮುಟ್ಟಿದರೆ ಕಣ್ಣು ಅಲ್ಲೇ ಇದೆ, ಬೆರಳಿಗೆ ಸಿಗುತ್ತೆ, ಕಾಗದಕ್ಕೆ ಮಾತ್ರ ಬರಲ್ಲ. ಅರಮನೆಯಿಂದ ಹೇಳಿಕೆ ಬಂತಂತೆ, ಕುರುಡು ಗಿಣಿ ಮದುವೆಮನೆಗೆ ಅಪಶಕುನ, ಹುಣ್ಣಿಮೆ ಹೊತ್ತಿಗೆ ಕಣ್ಣಿರೋ ಗಿಣಿ ತಾ, ಇಲ್ಲಾ ಅಚ್ಚು ತಂದು ಒಲೆಗೆ ಹಾಕು ಅಂತ. ಅವನಿಗಿದ್ದದ್ದು ಅದೊಂದೇ ಅಚ್ಚು. ಹೆಂಡತಿ ಇಪ್ಪತ್ತು ವರ್ಷ ಕೈಯಾಡಿಸಿದ್ದು.

ಯಾರೋ ಏನೋ ಮಾಡಿದ್ದಾರೆ ಅಂದುಕೊಂಡ. ಮೊದಲಿಂದಲೂ ಅನುಮಾನದ ಮನುಷ್ಯ. ತನ್ನ ನೆರಳು ಹಿಂದೆ ಬಂದ್ರೆ ಯಾಕೆ ಬಂದೆ ಅಂತ ಕೇಳೋನು.

ಮೊದಲು ಮಸಿ ಮಾಡೋ ತಿಮ್ಮಕ್ಕನ ಮೇಲೆ ಹೋಯ್ತು. ಮಸೀಲಿ ಏನು ಬೆರೆಸಿದೀಯ ಅಂದ. ಕಾಡಿಗೆ, ಅಂಟು, ನನ್ನ ಬೆವರು, ಇನ್ನೇನು ಬೆರೆಸಲಿ ಅಂದಳಂತೆ. ನಂಬಲಿಲ್ಲ. ದೀಪದ ಕಾಡಿಗೆ ತಾನೇ ಕೂಡಿಸಿ, ತಾನೇ ಅಂಟು ಹಾಕಿ ಅರೆದ. ಒತ್ತಿದ. ಕಣ್ಣಿಲ್ಲ.

ಆಮೇಲೆ ಕಾಗದ ಮಾಡೋ ಬಡೇಸಾಬರ ಮೇಲೆ. ಹಾಳೇಲಿ ಮೋಸ ಇದೆ ಅಂದ. ಬಡೇಸಾಬರು ಹಾಳೆಯನ್ನ ಬಿಸಿಲಿಗೆ ಹಿಡಿದು ನೋಡಿ, ಇಡೀ ಗಿಣಿ ಹಿಡಿಯೋ ಕಾಗದ ಒಂದು ಕಣ್ಣಿಗೆ ಮಾತ್ರ ಹಟ ಮಾಡುತ್ತಾ ಆಚಾರ್ರೇ, ಅಂದರಂತೆ. ನಂಬಲಿಲ್ಲ. ಎರಡು ದಿನ ನಡೆದು ಬೇರೆ ಊರಿನ ಕಾಗದ ತಂದ. ಒತ್ತಿದ. ಕಣ್ಣಿಲ್ಲ.

ಆಮೇಲೆ ಬಾಮೈದನ ಮೇಲೆ. ಅಕ್ಕ ಹೋದಳು, ಇನ್ನು ಭಾವನ ಹಂಗ್ಯಾಕೆ ಅಂತ ನೀನೇ ಬಂದು ಕೆರೆದಿದ್ದೀಯ ಅಂದ. ಕಾಳಾಚಾರಿ ತಲೆ ತಗ್ಗಿಸಿದ. ತಗ್ಗಿದ ತಲೆ ಕಂಡು ಅನುಮಾನ ಇನ್ನೂ ಬಲೀತು. ಮೂರು ದಿನ ಅಚ್ಚನ್ನ ತೊಡೆ ಮೇಲಿಟ್ಟುಕೊಂಡೇ ಉಂಡ, ಎದೆಗವಚಿಕೊಂಡೇ ಮಲಗಿದ. ಒತ್ತಿದ. ಕಣ್ಣಿಲ್ಲ.

ಹುಣ್ಣಿಮೆಗೆ ಒಂದೇ ದಿನ ಉಳೀತು. ಆಗ ಯಾರ ಮೇಲೆ ಹೋಯ್ತು ಗೊತ್ತಾ ಅವನ ಅನುಮಾನ? ಬಾವಿಕಟ್ಟೆ ಹತ್ತಿರ, ಎಲ್ಲರ ಮುಂದೆ, ಹೋಗೋವಾಗ ಸಣ್ಣಮ್ಮನೇ ಕಣ್ಣು ಕಿತ್ತುಕೊಂಡು ಹೋಗಿದ್ದಾಳೆ ಅಂದನಂತೆ.

ತಿಮ್ಮಕ್ಕ ಬಿಂದಿಗೆ ಕೆಳಗಿಟ್ಟಳು. ಮನೆಗೆ ಹೋಗಿ, ಮಗಳ ಮದುವೆಗೆ ಅಂತ ಪೆಟ್ಟಿಗೆಯಲ್ಲಿಟ್ಟಿದ್ದ ಹಳೇ ಜೋಡಿಗಿಣಿ ತಂದಳು. ಬೆನ್ನು ಮೇಲೆ ಮಾಡಿ ಅವನ ಕೈಗಿಟ್ಟಳು. ಇಷ್ಟು ವರ್ಷ ಮುಂದೆ ನೋಡಿದ್ದೀಯ, ಹಿಂದೆ ಯಾವತ್ತಾದ್ರೂ ನೋಡಿದ್ದೀಯೇನಪ್ಪ ಅಂದಳು.

ಹೆಣ್ಣುಗಿಣಿಯ ಕಣ್ಣಿಗೆ ಸರಿಯಾಗಿ, ಹಾಳೆಯ ಬೆನ್ನಲ್ಲಿ, ಒಂದು ಹೆಬ್ಬೆಟ್ಟಿನ ಗುರುತು. ಸಣ್ಣ ಹೆಬ್ಬೆಟ್ಟು. ಒತ್ತಿ ಒತ್ತಿ ಅಲ್ಲಿ ಕಾಗದ ನುಣುಪಾಗಿತ್ತಂತೆ.

ಜನರ ಹಿಂದಿಂದ ಕಾಳಾಚಾರಿ ಮುಂದೆ ಬಂದ.

“ಕೆತ್ತುವಾಗ ಉಳಿ ಜಾರಿತು ಭಾವ. ಆ ಕಣ್ಣು ಒಂದು ಕೂದಲಷ್ಟು ತಗ್ಗು. ಹೇಳಿದ್ರೆ ಬೇಕಂತ ಮಾಡ್ದ ಅಂತಾರೆ ನಿನ್ನ ಭಾವ, ನೀನು ಹೇಳ್ಬೇಡ, ನಾನು ಒತ್ಕೋತೀನಿ ಅಂದ್ಲು ಅಕ್ಕ.”

ಇಪ್ಪತ್ತು ವರ್ಷ ಒತ್ತಿಕೊಂಡಳು. ಅವನು ಮಸಿ ತಗೊಳ್ಳೋಕೆ ಆಕಡೆ ತಿರುಗೋ ಅಷ್ಟರಲ್ಲಿ.

ನಂಜಾಚಾರಿ ಕಟ್ಟೆ ಮೇಲೆ ಕೂತ. ನೀರಿಗೆ ಬಂದವರು ನೀರು ಸೇದದೇ ನಿಂತಿದ್ದರಂತೆ. ಕಾಳಾಚಾರಿ, ಒಂದು ಚೂರು ಮರ ಕೂರಿಸಿ ಕಣ್ಣು ಎತ್ತರಿಸ್ತೀನಿ ಭಾವ, ಸಂಜೆಯೊಳಗೆ ಆಗುತ್ತೆ, ಇನ್ಮೇಲೆ ಯಾರೂ ಒತ್ತಬೇಕಾಗಿಲ್ಲ ಅಂದ.

“ಬೇಡ,” ಅಂದನಂತೆ ಅವನು. “ಅದೊಂದು ಜಾಗ ನಂಗೆ ಬಿಡು.”

ಮಾರನೇ ದಿನ ಬೆಳಿಗ್ಗೆ ಎದ್ದು ತಿಮ್ಮಕ್ಕನ ಮನೆಗೆ ಹೋಗಿ ಮಸಿ ಕೇಳಿದ, ಅವಳು ಬೈದು ಕೊಟ್ಟಳು. ಬಡೇಸಾಬರ ಹತ್ತಿರ ಹೋಗಿ ಕಾಗದ ಕೇಳಿದ, ಅವರು ಬೈಯದೆ ಕೊಟ್ಟರು. ಬಾಮೈದನ್ನ ಕರೆದು ಎದುರಿಗೆ ಕೂರಿಸಿಕೊಂಡ. ಮಸಿ ಬಳಿದ, ಹಾಳೆ ಹಾಸಿದ, ಉಜ್ಜಿದ, ಆಮೇಲೆ ಅಲ್ಲಿಗೆ ಹೆಬ್ಬೆಟ್ಟು ಇಟ್ಟ. ಮೊದಲನೇದರಲ್ಲಿ ಕಣ್ಣು ಕದಡಿತು. ಎರಡನೇದರಲ್ಲಿ ಅರ್ಧ ಬಂತು. ಮೂರನೇದಕ್ಕೆ ಹೆಬ್ಬೆಟ್ಟು ಇಟ್ಟವನು ತೆಗೆಯಲೇ ಇಲ್ಲವಂತೆ, ಸಾಕು ಭಾವ ಅಂತ ಬಾಮೈದ ಅನ್ನೋವರೆಗೂ. ಆಮೇಲೆ ಮೆಲ್ಲಗೆ ಎತ್ತಿದ. ಎರಡು ಗಿಣಿ ಒಂದನ್ನೊಂದು ನೋಡ್ತಿದ್ದವಂತೆ.

ಗಿಣಿ ಅರಮನೆಗೆ ಹೋಯ್ತು, ಅಚ್ಚು ಮನೇಲಿ ಉಳೀತು, ಕತೆ ಇಲ್ಲಿಗೆ ನಿಂತಿತು.