ಗೂಟ ಕಾದ ಪಚ್ಚಿಲೆಗಳು

ಬಂದರು ಕಟ್ಟಲು ಹೊರಟವರು ಕೊಲ್ಲಿಯ ಮರಳಿನಲ್ಲಿ ಒಂದು ಗಡಿಗೂಟ ನೆಟ್ಟು ಹೋದರು. ಅದು ನಿಂತರೆ ಕೊಲ್ಲಿ ತಮ್ಮ ಕೈತಪ್ಪಿದಂತೆಯೇ ಎಂದು ಮುದಿ ಏಡಿಗೆ ಗೊತ್ತಿತ್ತು. ಅಂದೇ ಸಭೆ ಕರೆಯಿತು.

"ಗೂಟದ ಬುಡದ ಮರಳನ್ನು ನಾವು ಏಡಿಗಳು ತೋಡುತ್ತೇವೆ. ಹುಣ್ಣಿಮೆಯ ಉಬ್ಬರ ಅದನ್ನು ಕೆಡವುತ್ತದೆ. ಅಲ್ಲಿಯವರೆಗೆ ಯಾರೂ ಬಂದು ಗೂಟ ಬಿಗಿ ಮಾಡದಂತೆ ಕಾಯುವವರು ಯಾರು?"

ಬಂಡೆಗೆ ಅಂಟಿಕೊಂಡೇ ಬಾಳುವ ಪಚ್ಚಿಲೆ ಚಿಪ್ಪುಗಳು ಒಕ್ಕೊರಲಿನಿಂದ ಹೇಳಿದವು, "ನಾವಿದ್ದೇವೆ, ಅಜ್ಜ. ಕೂತ ಜಾಗ ಬಿಟ್ಟು ಕದಲುವ ಜಾತಿ ನಮ್ಮದಲ್ಲ."

ಹೋರಾಟಕ್ಕೆ ಇಂಥವರೇ ಬೇಕು ಎಂದುಕೊಂಡಿತು ಏಡಿ.

ಏಡಿಗಳು ಕಾಲು ಸವೆಯುವಂತೆ ತೋಡಿದವು. ಹುಣ್ಣಿಮೆಯ ಉಬ್ಬರವೂ ಬಂತು. ಗೂಟ ವಾಲಿತು, ಬೀಳಲಿಲ್ಲ. ಏಡಿ ಹತ್ತಿರ ಹೋಗಿ ನೋಡಿತು. ಪಚ್ಚಿಲೆಗಳು ಗೂಟದ ಮೈತುಂಬ ಕೂತು, ತಮ್ಮ ನಾರುಗಳಿಂದ ಅದನ್ನು ಪಕ್ಕದ ಬಂಡೆಗೆ ಬಿಗಿದಿದ್ದವು.

"ಬಿಡಿರಮ್ಮಾ, ಅದು ಬೀಳಬೇಕು!"

"ಬಿಡುವುದೇ? ಹೋರಾಟದ ನಡುವೆ ಎದ್ದುಹೋದವರೆಂಬ ಹೆಸರು ನಮಗೆ ಬೇಡ," ಎಂದಿತು ಹಿರಿಯ ಪಚ್ಚಿಲೆ. "ಗೂಟ ಅಲ್ಲಾಡಿದಷ್ಟೂ ನಾವು ಗಟ್ಟಿಯಾಗಿ ಕೂತೆವು."

ಮರುದಿನ ಅಳತೆಯವರು ಬಂದರು. ಗೂಟವನ್ನು ಜಗ್ಗಿ ನೋಡಿದರು, ಇಲ್ಲಿನ ನೆಲ ಗಟ್ಟಿಯಿದೆ ಎಂದು ಬರೆದುಕೊಂಡರು, ಆಚೆಗೆ ಇನ್ನೊಂದು ಗೂಟ ನೆಟ್ಟು ಹೋದರು.

ಸಂಜೆ ಮತ್ತೆ ಸಭೆ ಸೇರಿತು. ಏಡಿ ಬಾಯಿ ತೆರೆಯುವ ಮೊದಲೇ ಹಿರಿಯ ಪಚ್ಚಿಲೆ ಹೇಳಿತು, "ಚಿಂತೆ ಬೇಡ, ಅಜ್ಜ. ನಮ್ಮ ಮಕ್ಕಳು ಆಗಲೇ ಅಲ್ಲಿ ಹೋಗಿ ಕೂತಿದ್ದಾರೆ."