ಹರಿಗೋಲಿನ ಪಟ್ಟಿ ಎಲ್ಲಿರಬೇಕು?

ಕೃಷ್ಣೆಯ ದಂಡೆಯ ಒಂದು ಆಶ್ರಮದಲ್ಲಿ ನಿರುಪಾದಯ್ಯ ಎಂಬ ಗುರುಗಳಿದ್ದರು. ಸುತ್ತಲಿನವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಹೊಳೆ ಏರಿದಾಗ ಹದಿನೇಳು ಹಳ್ಳಿಗಳಿಗೆ ಹರಿಗೋಲು ಕಳಿಸುವ ಹೊಣೆ ಆ ಆಶ್ರಮದ್ದು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರನ್ನು ಮೊದಲು ತರಬೇಕು, ಯಾರು ದಡ ಸೇರಿದರು, ಎಲ್ಲದರ ಪಟ್ಟಿ ಒಂದು ವೆಬ್‌ಸೈಟಿನಲ್ಲಿತ್ತು.

ಹಿಂದಿನ ಪ್ರವಾಹದಲ್ಲಿ ಅದು ಮೊದಲ ದಿನವೇ ನಿಂತುಹೋಯಿತು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕನ ಮನೆಗೆ ಹರಿಗೋಲು ತಡವಾಗಿ ಹೋಯಿತು. ಅವನು ಉಳಿಯಲಿಲ್ಲ.

ಮರುವರ್ಷ ಗುರುಗಳು ಆ ವೆಬ್‌ಸೈಟು ಸರಿಪಡಿಸುವ ಕೆಲಸವನ್ನು ಶಿಷ್ಯೆ ಶಾಂಭವಿಗೆ ಒಪ್ಪಿಸಿದರು.

ಶಾಂಭವಿ ಒಂದು ವಾರ ಕೂತು ಇಪ್ಪತ್ತು ಹಾಳೆ ಬರೆದು ತಂದಳು.

"ಅಜ್ಜಾರ, ದಾರಿ ಎರಡು ಅದಾವ. ನಮ್ಮದೇ ಸರ್ವರ್ ತಂದು ಇಲ್ಲೇ ಕೋಣ್ಯಾಗ ಇಟ್ಕೊಳ್ಳೋದು ಒಂದು. ಇಲ್ಲಾಂದ್ರ ಕ್ಲೌಡ್. ದೂರದ ಊರಾಗ ಯಾರದೋ ದೊಡ್ಡ ಯಂತ್ರ ಇರ್ತಾವ, ಅದರಾಗ ನಮಗ ಬೇಕಾದಷ್ಟು ಜಾಗ ಬಾಡಿಗಿ ಹಿಡಿಯೋದು. ಯಾವುದು ಚಲೋ?"

ಗುರುಗಳು ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಇದರಾಗ ಹುಲಿಗೆಪ್ಪ ಎಲ್ಲಿದಾನ?"

ಹುಲಿಗೆಪ್ಪ ಹರಿಗೋಲು ಹಾಕುವ ಅಂಬಿಗ.

"ಅವನ ಮಾತು ಇದರಾಗ ಯಾಕ ಬರ್ತೈತ್ರಿ?"

ಗುರುಗಳು ಹಾಳೆಗಳನ್ನು ಅವಳ ಕೈಗಿತ್ತು ಸ್ನಾನಕ್ಕೆ ಎದ್ದು ಹೋದರು.

ಶಾಂಭವಿ ತಾನೇ ತೀರ್ಮಾನ ಮಾಡಿದಳು. ಮೂರೇ ದಿನದಲ್ಲಿ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿ, ಗುರುಗಳನ್ನು ಕರೆದು ತೋರಿಸಿದಳು. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು.

ಗುರುಗಳು ಬಗ್ಗಿ, ಗೋಡೆಯಿಂದ ಬರುವ ಇಂಟರ್ನೆಟ್ ವೈರು ಕಿತ್ತರು.

"ಈಗ ತೋರಿಸು."

ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಉಳಿಯಿತು.

"ಹೊಳಿ ಏರಿದಾಗ ಮೊದಲು ಉರುಳೋದು ಈ ವೈರಿನ ಕಂಬ," ಎಂದರು.

ಶಾಂಭವಿ ವೈರನ್ನು ಮತ್ತೆ ಸಿಕ್ಕಿಸಿದಳು. ಪೇಟೆಗೆ ಹೋಗಿ ಒಂದು ಸರ್ವರ್ ತಂದಳು. ಆಶ್ರಮದ ಕಚೇರಿಯಲ್ಲಿ ಮೇಜು ಹಾಕಿ, ಪಟ್ಟಿಯನ್ನೆಲ್ಲ ಅದಕ್ಕೆ ಇಳಿಸಿ, ಮತ್ತೆ ಗುರುಗಳನ್ನು ಕರೆದಳು.

"ಈಗ ವೈರು ಕೀಳ್ರಿ ಅಜ್ಜಾರ. ನಡೀತೈತಿ."

ಗುರುಗಳು ವೈರು ಮುಟ್ಟಲಿಲ್ಲ. ಮೇಜಿನ ಹಿಂದಿನ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದರು. ಒಳಗೊಂದು ಕೆಸರಿನ ಗೆರೆ ಕಾಣಿಸಿತು. ಹಳೆಯ ಪ್ರವಾಹದ ನೀರು ನಿಂತ ಗುರುತು. ಅದು ಶಾಂಭವಿಯ ಹುಬ್ಬಿನ ಎತ್ತರಕ್ಕಿತ್ತು.

ಅವಳಿಗೆ ಅಳು ಒತ್ತರಿಸಿ ಬಂತು.

"ಹಂಗಾರ ಎರಡೂ ಬ್ಯಾಡ ಅಂತೀರೇನು?"

"ನಾ ಎಲ್ಲಿ ಬ್ಯಾಡಂದೆ? ವೈರು ಕಿತ್ತೆ, ಗ್ವಾಡಿ ಕೆರದೆ. ಅಷ್ಟೇ."

ಮರುದಿನ ಬೆಳಿಗ್ಗೆ ಶಾಂಭವಿ ಹುಲಿಗೆಪ್ಪನ ಹರಿಗೋಲು ಹತ್ತಿದಳು.

ಎಂಟು ದಿನ ಅವನ ಜೊತೆ ಹಳ್ಳಿಯಿಂದ ಹಳ್ಳಿಗೆ ತಿರುಗಿದಳು. ಹುಟ್ಟು ಹಾಕಲು ಕಲಿತಳು. ಅಂಗೈಯಲ್ಲಿ ಬೊಕ್ಕೆ ಎದ್ದವು.

"ಅಕ್ಕಾರ, ನೆರಿಯಾಗ ನಿಂತಾಗ ನನಗ ಒಂದೇ ಬೇಕು," ಎಂದ ಹುಲಿಗೆಪ್ಪ. "ಮುಂದಿನ ಮನಿ ಯಾವುದು, ಅಲ್ಲಿ ಏಳಾಕ ಆಗದವರು ಎಷ್ಟು ಮಂದಿ. ಆವಾಗ ಫೋನಿನ ಸಿಗ್ನಲ್ ಸತ್ತಿರ್ತೈತಿ. ಯಾರನ್ನ ಕೇಳಲಿ?"

ಇನ್ನೊಂದು ಊರಿನಲ್ಲಿ ಗಿರಿಜವ್ವ ಎಂಬ ಮುದುಕಿ ಅವಳ ಕೈ ಹಿಡಿದುಕೊಂಡಳು.

"ನನ್ನ ಮಗಳು ಸೊಲ್ಲಾಪುರದಾಗ ಅದಾಳ. ಹೋದ ಸಲ ಮೂರು ದಿನ ಆಕಿಗೆ ನಾ ಇದ್ದೀನೋ ಸತ್ತೀನೋ ಗೊತ್ತಾಗಲಿಲ್ಲ. ನಿಮ್ಮ ಪಟ್ಟಿ ನೋಡಾಕ ಲೋಕಾನೇ ಮುಗಿಬಿದ್ದಿತ್ತಂತ. ಅದು ತೆರೀಲೇ ಇಲ್ಲಂತ."

ಶಾಂಭವಿ ಆಶ್ರಮಕ್ಕೆ ಬಂದು ಸರ್ವರನ್ನು ಮೇಜಿನಿಂದ ಇಳಿಸಿದಳು. ಊರ ಮೇಲಿನ ಗುಡ್ಡದ ಶಾಲೆಗೆ ಹೊರಿಸಿದಳು. ಮಾಳಿಗೆಯ ಮೇಲೆ ಸೋಲಾರ್ ಫಲಕ, ಬ್ಯಾಟರಿ, ಒಂದು ಎತ್ತರದ ಆಂಟೆನಾ. ಅಂಬಿಗರು ಗುಡ್ಡ ಕಾಣುವಷ್ಟು ದೂರದಲ್ಲಿದ್ದರೆ ಸಾಕು, ಇಂಟರ್ನೆಟ್ ಇಲ್ಲದೆಯೂ ಅವರ ಫೋನಿಗೆ ಪಟ್ಟಿ ಸಿಗುವಂತಾಯಿತು.

ದೂರದೂರಿನ ಮಕ್ಕಳು, ಬಂಧುಗಳು ನೋಡುವ ಪಟ್ಟಿಯನ್ನು ಕ್ಲೌಡ್‌ನಲ್ಲಿಟ್ಟಳು. ನೂರು ಜನ ಬಂದರೆ ನೂರಕ್ಕೆ, ಲಕ್ಷ ಜನ ಬಂದರೆ ಲಕ್ಷಕ್ಕೆ ಅದು ಹಿಗ್ಗುತ್ತಿತ್ತು. ಸಂಪರ್ಕ ಸಿಕ್ಕಾಗಲೆಲ್ಲ ಎರಡೂ ಪಟ್ಟಿ ಒಂದಾಗುತ್ತಿದ್ದವು.

ಗುರುಗಳು ಗುಡ್ಡ ಹತ್ತಿ ಬಂದರು. ಎಲ್ಲವನ್ನೂ ಸುತ್ತಿ ನೋಡಿದರು.

"ಎಷ್ಟು ಸಲ ಕೆಡಿಸಿ ನೋಡೀಯವ್ವಾ?"

"ಒಂದು ಸಲಾನೂ ಇಲ್ರಿ."

"ಕೆಡಿಸು."

ಶಾಂಭವಿ ಒಂದೊಂದನ್ನೇ ಕೆಡಿಸುತ್ತ ಹೋದಳು. ವೈರು ಕಿತ್ತಳು, ಬ್ಯಾಟರಿ ಬಿಚ್ಚಿದಳು, ನಡು ಹೊಳೆಯಲ್ಲಿ ಫೋನ್ ಆರಿಸಿದಳು. ಎರಡು ಸಲ ಪಟ್ಟಿ ತಪ್ಪಿತು. ತಿದ್ದಿದಳು. ಆಮೇಲೆ ತಪ್ಪಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅಣೆಕಟ್ಟಿನ ಬಾಗಿಲುಗಳೆಲ್ಲ ತೆರೆದವು.

ಹತ್ತು ಗಂಟೆಗೆ ವೈರಿನ ಕಂಬ ಉರುಳಿತು. ಹನ್ನೊಂದಕ್ಕೆ ಆಶ್ರಮದ ಕಚೇರಿಯೊಳಗೆ ಎದೆಮಟ್ಟ ನೀರು.

ಗುಡ್ಡದ ಮೇಲಿನ ಸರ್ವರಿನ ಹಸಿರು ದೀಪ ಆರಲಿಲ್ಲ.

ಹದಿನಾಲ್ಕು ಹರಿಗೋಲು ನೀರಿಗಿಳಿದವು. ಯಾರೂ ಯಾರನ್ನೂ ಕೂಗಿ ಕೇಳಲಿಲ್ಲ. ಒಂದು ಮನೆ ಮುಗಿದರೆ ಮುಂದಿನ ಮನೆ ಕಣ್ಣೆದುರಿಗಿತ್ತು. ಹಾಸಿಗೆ ಹಿಡಿದವರು ಮೊದಲು, ತುಂಬಿದ ಬಸುರಿಯರು ಆಮೇಲೆ, ನಂತರ ಉಳಿದವರು.

ಶಾಂಭವಿ ತಾನೂ ಹುಲಿಗೆಪ್ಪನ ಜೊತೆ ಹುಟ್ಟು ಹಿಡಿದಿದ್ದಳು. ಕೊನೆಯ ಮನೆಯ ಮಾಳಿಗೆಯ ಮೇಲೆ, ಪಟ್ಟಿಯಲ್ಲಿ ಇದ್ದಂತೆಯೇ, ಒಬ್ಬ ಕುರುಡ ಮುದುಕ ಮೊಮ್ಮಗಳನ್ನು ತಬ್ಬಿ ಕೂತಿದ್ದ.

"ಯಾರದು?" ಎಂದ.

"ನಿಮ್ಮನ್ನ ಕರ್ಕೊಂಡು ಹೋಗಾಕ ಬಂದೀವಿ ಯಜ್ಜಾ," ಎಂದಳು ಶಾಂಭವಿ.

ಮೂರು ಗಂಟೆಗೆ ಮೊಬೈಲ್ ಸಿಗ್ನಲ್ ಮರಳಿತು. ಗುಡ್ಡದ ಪಟ್ಟಿ ಕ್ಲೌಡ್‌ಗೆ ಏರಿತು. ಅದೇ ಗಳಿಗೆಯಲ್ಲಿ ನಾಲ್ಕು ಸಾವಿರ ಜನ ತಮ್ಮವರ ಹೆಸರು ಹುಡುಕುತ್ತಿದ್ದರು. ಪುಣೆ, ಮುಂಬೈ, ಹೈದರಾಬಾದು, ಸೊಲ್ಲಾಪುರ. ಪಟ್ಟಿ ಒಂದು ಕ್ಷಣವೂ ತೊದಲಲಿಲ್ಲ.

ಆರುನೂರಾ ಹನ್ನೊಂದು ಹೆಸರು. ಎಲ್ಲದರ ಮುಂದೆ ಒಂದೇ ಮಾತು: ದಡ ಸೇರಿದ್ದಾರೆ.

ಗಿರಿಜವ್ವನ ಮಗಳು ಫೋನ್ ಮಾಡಿದಳು. ಅತ್ತಳು, ನಕ್ಕಳು, ಮತ್ತೆ ಅತ್ತಳು. ಗುಡ್ಡದ ಮೇಲೆ ಯಾರೋ ಹಲಗೆ ವಾದ್ಯ ಬಾರಿಸತೊಡಗಿದರು. ಹುಲಿಗೆಪ್ಪ ಹುಟ್ಟನ್ನು ತಲೆಯ ಮೇಲೆತ್ತಿ ಕುಣಿದ. ಒದ್ದೆ ಸೀರೆ, ಒದ್ದೆ ಧೋತರ, ಕೂಸುಕುನ್ನಿಗಳೆಲ್ಲ ಅವನ ಸುತ್ತ ಕುಣಿದವು. ಗುರುಗಳೂ ಎರಡು ಹೆಜ್ಜೆ ಹಾಕಿದರು.

ನೀರು ಇಳಿದ ಮೇಲೆ, ಬೇರೊಂದು ನದಿಯ ದಂಡೆಯ ಆಶ್ರಮದಿಂದ ಗುರುಗಳ ಹೆಸರಿಗೆ ಕಾಗದ ಬಂತು.

ಶಾಂಭವಿ ಓದಿ ಹೇಳಿದಳು: "ನಮ್ಮ ಪಟ್ಟಿ ಕ್ಲೌಡ್‌ನಲ್ಲಿರಲೋ, ಸ್ವಂತ ಸರ್ವರಿನಲ್ಲಿರಲೋ? ಗುರುಗಳು ದಯಮಾಡಿ ಅಪ್ಪಣೆ ಕೊಡಿಸಬೇಕು."

"ಏನಂತ ಬರೀತಿ?" ಎಂದರು ಗುರುಗಳು.

"ಏನೂ ಬರಿಯೂದಿಲ್ರಿ. ನಾಳೆ ಬಸ್ಸಿಗೆ ಹೋಗತೀನಿ. ಅವರ ಹೊಳಿ ನೋಡಬೇಕು, ಅವರ ಅಂಬಿಗರನ್ನ ಮಾತಾಡಿಸಬೇಕು. ಅಲ್ಲೀತನಕ ನನಗೂ ಗೊತ್ತಿಲ್ಲ."

ಗುರುಗಳು ಆ ಕಾಗದ ತೆಗೆದುಕೊಂಡು, ಮಡಿಸಿ, ಮತ್ತೆ ಅವಳ ಕೈಗಿಟ್ಟರು. ಆಮೇಲೆ ದೊಡ್ಡದಾಗಿ ನಕ್ಕರು.

"ಇನ್ನ ಮ್ಯಾಲೆ ಇಂಥಾ ಕಾಗದ ನನ್ನ ತನಕ ತರಬ್ಯಾಡ."