ಜಂಬಣ್ಣನ ಉಳಿಸು-ಅಳಿಸು ಜಾಲತಾಣ

ಒಂದು ಕಾಡಿನಲ್ಲಿ ಎಲ್ಲ ಪ್ರಾಣಿಗಳ ಕೈಗೂ ಮೊಬೈಲ್ ಬಂದಿತ್ತು. ಏನು ಹಾಗೆ ನೋಡ್ತೀರಿ? ಪ್ರಾಣಿಗಳು ಮಾತಾಡಿದವು ಅಂದರೆ ಹೂಂ ಅಂತೀರಿ, ಮೊಬೈಲ್ ಹಿಡಿದವು ಅಂದರೆ ಮಾತ್ರ ಹುಬ್ಬೇರಿಸ್ತೀರಾ? ಸುಮ್ಮನೆ ಕೇಳಿ.

ಆ ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದು ಬಲು ಸಾಧು. ಮಳೆಗಾಲ ಬಂತೆಂದರೆ ಮೈಮೇಲೆ ದೆವ್ವ ಬಂದ ಹಾಗೆ ಉಕ್ಕುತ್ತಿತ್ತು. ಆಗ ದಡದವರನ್ನೆಲ್ಲ ಬೆನ್ನ ಮೇಲೆ ಹೊತ್ತು ಗುಡ್ಡಕ್ಕೆ ಸೇರಿಸುತ್ತಿದ್ದವಳು ಆನೆ ದೊಡ್ಡಮ್ಮ. ಅವಳ ಮನೆ ಗುಡ್ಡದ ಮೇಲಿತ್ತು. ಮಳೆಯ ಸದ್ದಿನಲ್ಲಿ ಕೆಳಗಿನವರು ಎಷ್ಟು ಕೂಗಿದರೂ ಅವಳಿಗೆ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡ ಕಿವಿ ಇದ್ದು ಏನು ಬಂತು, ಪಾಪ!

ಹೋದ ಮಳೆಗಾಲದಲ್ಲಿ ಮೊಲ ಚಿಗುರಮ್ಮನ ಬಿಲಕ್ಕೆ ನೀರು ನುಗ್ಗಿತ್ತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಕೊನೆಗೆ ತೇಲಿ ಬಂದ ದಿಮ್ಮಿ ಹಿಡಿದು ಹೇಗೋ ಜೀವ ಉಳಿಸಿಕೊಂಡಿದ್ದಳು. ಈ ಸಲ ಅವಳಿಗೆ ಪುಟ್ಟ ಪುಟ್ಟ ಮರಿಗಳಿದ್ದವು. ಅವಿನ್ನೂ ಕಣ್ಣು ಬಿಟ್ಟಿರಲಿಲ್ಲ.

"ನನಗಿರೋದು ಒಂದೇ ಬಾಯಿ," ಎಂದು ಅವಳು ಕಾಡಿನ ರಾಜ ಸಿಂಹರಾಯನ ಸಭೆಯಲ್ಲಿ ಅತ್ತಳು. "ಒಂದು ಮರಿ ಕಚ್ಚಿಕೊಂಡು ಓಡಿದರೆ ಉಳಿದವನ್ನ ಯಾರಿಗೆ ಬಿಡಲಿ?"

ಅದನ್ನು ಕೇಳಿ ಸಿಂಹರಾಯ ಮರುಗಿದ. "ಒಂದು ಜಾಲತಾಣ ಮಾಡಿಸೋಣ," ಎಂದ. "ನೀರು ಬಂದವರು ಅದರಲ್ಲಿ ಹೆಸರು, ಜಾಗ ಬರೆದರೆ ಸಾಕು. ದೊಡ್ಡಮ್ಮನಿಗೆ ಸುದ್ದಿ ಮುಟ್ಟಬೇಕು."

ಜಾಲ ಎಂಬ ಮಾತು ಕೇಳಿದ್ದೇ ತಡ, ಮೂಲೆಯಲ್ಲಿದ್ದ ಜೇಡ ಎದ್ದು ನಿಂತಿತು. "ನಮ್ಮ ಕುಲಕಸುಬು ಸ್ವಾಮೀ! ಎಷ್ಟು ಅಗಲ ಬೇಕು ಹೇಳಿ."

"ಆ ಜಾಲ ಅಲ್ಲಪ್ಪಾ, ಕೂತ್ಕೋ," ಎಂದ ಸಿಂಹರಾಯ.

ಆಗ ನರಿ ಜಂಬಣ್ಣ ಮುಂದೆ ಬಂದ. ಹೆಸರಿಗೆ ತಕ್ಕ ಜಂಬ ಅವನದು. "ಮಹಾಪ್ರಭು, ಇಂಥವನ್ನೆಲ್ಲ ಎಡಗೈಯಲ್ಲಿ ಮಾಡಿ ಬಿಸಾಕ್ತೀನಿ. ನನಗೆ ಹೆಚ್ಚೇನೂ ಬೇಡ. ಗುಡ್ಡದ ಮೇಲಿನ ಆ ಬಂಡೆಗವಿ ಕೊಟ್ಟರೆ ಸಾಕು."

ಹೆಚ್ಚೇನೂ ಬೇಡವಂತೆ! ಕಾಡಿನಲ್ಲೇ ಒಣಗಿದ, ಬೆಚ್ಚಗಿನ, ಗಾಳಿ ಬೆಳಕಿನ ಗವಿ ಅದೊಂದೇ. ಹೊಳೆ ಎಷ್ಟು ಉಕ್ಕಿದರೂ ಅದರ ಹೊಸ್ತಿಲು ನೆನೆಯುತ್ತಿರಲಿಲ್ಲ.

"ಆಗಲಿ," ಎಂದ ಸಿಂಹರಾಯ. "ಆದರೆ ಮೊದಲು ಪರೀಕ್ಷೆ. ಕಪಿಲಕ್ಕ ನೋಡಿ ಒಪ್ಪಿದ ಮೇಲೆ ಗವಿ."

ಕಪಿಲಕ್ಕ ಎಂದರೆ ಹುಣಸೆಮರದ ಕೋತಿ. ಮುಟ್ಟಬೇಡ ಎಂದದ್ದನ್ನು ಮೊದಲು ಮುಟ್ಟುವವಳು. ಎಳೆಯಬೇಡ ಎಂದದ್ದನ್ನು ಕಿತ್ತೇ ನೋಡುವವಳು. ಪರೀಕ್ಷೆ ಮಾಡಲು ಇವಳಿಗಿಂತ ಒಳ್ಳೆಯವರು ಇನ್ಯಾರು ಸಿಗಬೇಕು ಹೇಳಿ! ಜಂಬಣ್ಣ ಮಾತ್ರ ಮೂತಿ ತಿರುಗಿಸಿದ. "ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಅಂತ ಗಾದೆ ಇದೆ ಪ್ರಭು."

"ಕೆಡೋದಿದ್ದರೆ ಈಗಲೇ ಕೆಡಲಿ," ಎಂದ ಸಿಂಹರಾಯ. "ನೆರೆ ಬಂದಾಗ ಕೆಡೋದು ಬೇಡ."

ಕೆಲವು ದಿನಗಳಲ್ಲಿ ಜಾಲತಾಣ ಸಿದ್ಧವಾಯಿತು. ಕಪಿಲಕ್ಕ ಮೊಬೈಲನ್ನು ಒಂದು ಸಲ ನೆಟ್ಟಗೆ ಹಿಡಿದಳು. ಒಂದು ಸಲ ತಲೆಕೆಳಗಾಗಿ ಹಿಡಿದಳು. ತಾನೇ ತಲೆಕೆಳಗಾಗಿ ಜೋತುಬಿದ್ದೂ ನೋಡಿದಳು. ಹೆಸರಿನ ಜಾಗದಲ್ಲಿ "ಬಾಳೆಹಣ್ಣು" ಎಂದು ಬರೆದು ಕಳಿಸಿದಳು.

ಸ್ವಲ್ಪ ಹೊತ್ತಿಗೆ ನೆಲ ನಡುಗಿತು. ದೊಡ್ಡಮ್ಮ ಏದುಸಿರು ಬಿಡುತ್ತಾ ಓಡಿ ಬಂದಳು. "ಎಲ್ಲಿ? ಎಲ್ಲಿ? ಬಾಳೆಹಣ್ಣು ಅಪಾಯದಲ್ಲಿದೆ ಅಂತ ಸುದ್ದಿ ಬಂತು!"

"ಪರೀಕ್ಷೆ ಮಾಡ್ತಿದ್ದೆ ದೊಡ್ಡಮ್ಮ," ಎಂದಳು ಕಪಿಲಕ್ಕ.

"ಹಾಗಾದರೆ ಬಾಳೆಹಣ್ಣು ಇಲ್ವಾ?"

"ಇಲ್ಲ."

ದೊಡ್ಡಮ್ಮ ತಿರುಗಿ ಗುಡ್ಡ ಹತ್ತಿದಳು. ಅವಳ ಸೊಂಡಿಲು ನೆಲಕ್ಕೆ ತಾಗುವಷ್ಟು ಜೋತುಬಿದ್ದಿತ್ತು.

ಆಮೇಲೆ ಕಪಿಲಕ್ಕ ಚಿಗುರಮ್ಮನನ್ನು ಕರೆದಳು. "ನಾನು ಆಡಿದ್ದು ಸಾಕು. ಆಪತ್ತಿನಲ್ಲಿ ಇದನ್ನ ಒತ್ತೋಳು ನೀನು. ನಿನ್ನ ಮೊಬೈಲಲ್ಲಿ ತೆಗೆದು ನೋಡಮ್ಮಾ. ನಾನು ಏನೂ ಹೇಳಿಕೊಡಲ್ಲ."

ಚಿಗುರಮ್ಮ ಜಾಲತಾಣ ತೆರೆದಳು. "ಹೊಳೆ ಉಕ್ಕಿದೆಯೇ?" ಎಂಬ ಪ್ರಶ್ನೆ ಬಂತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ "ಸರಿ" ಎಂದಿತ್ತು. ಚಿಗುರಮ್ಮ ಓದಿದಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಮತ್ತೆ ನೋಡಿದಳು. ಇನ್ನೂ "ಸರಿ" ಎಂದೇ ಇತ್ತು. ಇನ್ನಷ್ಟು ಸರಿದಳು. ಹೀಗೆ ಸರಿಯುತ್ತಾ ಸರಿಯುತ್ತಾ ಹೋಗಿ ಲಂಟಾನದ ಪೊದೆಗೆ ಬಿದ್ದಳು. "ಅಯ್ಯೋ ಅಕ್ಕಾ, ಇನ್ನೂ ಎಷ್ಟು ಸರೀಬೇಕಂತೆ ಕೇಳು!" ಎಂದು ಪೊದೆಯೊಳಗಿಂದ ಕೂಗಿದಳು.

ಕಪಿಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಆ ತಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಪೊದೆಯಿಂದ ಎದ್ದು ಬಂದ ಚಿಗುರಮ್ಮ ಕೊನೆಗೆ ಆ "ಸರಿ"ಯನ್ನೇ ಒತ್ತಿದಳು. ಮುಂದಿನ ಪುಟದಲ್ಲಿ ಹೆಸರು, ಜಾಗ ಬರೆಯಬೇಕಿತ್ತು. ಕೆಳಗೆ ಒಂದಕ್ಕೊಂದು ಅಂಟಿಕೊಂಡು ಎರಡು ಬಟನ್. ಒಂದು "ಉಳಿಸು". ಇನ್ನೊಂದು "ಅಳಿಸು". ಎರಡಕ್ಕೂ ಒಂದೇ ಬಣ್ಣ, ಒಂದೇ ಅಳತೆ. ಚಿಗುರಮ್ಮ ಉಳಿಸು ಒತ್ತಲು ಹೋಗಿ ಅಳಿಸು ಒತ್ತಿದಳು. ಬರೆದದ್ದೆಲ್ಲ ಹೋಯಿತು. "ನಿಮ್ಮ ಹೆಸರು ಅಳಿಸಲಾಗಿದೆ. ಧನ್ಯವಾದಗಳು," ಎಂದು ಬಂತು.

ಕಪಿಲಕ್ಕನ ನಗು ಅಲ್ಲಿಗೆ ನಿಂತಿತು. ಅವಳು ಸೀದಾ ಜಂಬಣ್ಣನ ಹತ್ತಿರ ಹೋದಳು.

"ನೋಡಪ್ಪಾ, ಮಳೆ ಸುರಿಯುವಾಗ ಕೈ ಒದ್ದೆ ಇರುತ್ತೆ. ಜೀವ ಬಾಯಿಗೆ ಬಂದಿರುತ್ತೆ. ಉ ಯಾವುದು, ಅ ಯಾವುದು ಅಂತ ಯಾರು ನೋಡ್ತಾರೆ? ಅಳಿಸು ತೆಗೆದು ದೂರ ಇಡು. ಉಳಿಸು ಬದಲು ಒಂದು ದೊಡ್ಡ ಆನೆ ಚಿತ್ರ ಹಾಕು. ಆನೆಯನ್ನ ಒತ್ತಿದರೆ ಆನೆ ಬರಬೇಕು. ಆ ಸರಿ ಅನ್ನೋದನ್ನೂ ಸರಿಮಾಡು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದ ಜಂಬಣ್ಣ. "ಮೊಲಕ್ಕೆ ಓದೋಕೆ ಬರದಿದ್ದರೆ ನಾನೇನು ಮಾಡಲಿ? ನಾನು ಒತ್ತಿ ನೋಡಿದ್ದೀನಿ. ಚೆನ್ನಾಗಿ ಕೆಲಸ ಮಾಡುತ್ತೆ."

"ನೀನು ಮಾಡಿದ್ದನ್ನ ನೀನೇ ಒತ್ತಿದರೆ ಅದು ಪರೀಕ್ಷೆಯಲ್ಲಪ್ಪಾ, ಮುದ್ದು. ತಿದ್ದುವವರೆಗೂ ನಾನು ಒಪ್ಪಲ್ಲ."

ಜಂಬಣ್ಣ ಲೆಕ್ಕ ಹಾಕಿದ. ತಿದ್ದುವುದೆಂದರೆ ದೊಡ್ಡ ಮೊಬೈಲು, ಚಿಕ್ಕ ಮೊಬೈಲು, ಗಾಜು ಒಡೆದ ಮೊಬೈಲು, ಎಲ್ಲಕ್ಕೂ ಹೊಂದಿಸಬೇಕು. ಯಾರಿಗೆ ಬೇಕು ಆ ರಗಳೆ? ಮೋಡ ಬೇರೆ ಕಟ್ಟುತ್ತಿತ್ತು. ಗವಿ ಬೇಗ ಸಿಗಬೇಕಿತ್ತು. ಅವನ ತಲೆಗೆ ಒಂದು ಕುತಂತ್ರ ಹೊಳೆಯಿತು. ಕಪಿಲಕ್ಕನ ಮೊಬೈಲಿನಲ್ಲಿ ತೆರೆದರೆ ಮಾತ್ರ ಆನೆ ಚಿತ್ರದ ಹೊಸ ಪುಟ ಬರುವಂತೆ ಮಾಡಿದ. ಬೇರೆ ಯಾರು ತೆರೆದರೂ ಹಳೆಯದೇ ಬರುತ್ತಿತ್ತು.

ಕಪಿಲಕ್ಕ ತೆರೆದು ನೋಡಿದಳು. ಆಹಾ, ಎಷ್ಟು ಚೆಂದದ ಆನೆ! ಒತ್ತಿದಳು. ದೊಡ್ಡಮ್ಮ ಬಂದಳು. ಈ ಸಲ ಕಪಿಲಕ್ಕ ನಿಜವಾಗಿ ಒಂದು ಬಾಳೆಹಣ್ಣು ಇಟ್ಟುಕೊಂಡಿದ್ದರಿಂದ ದೊಡ್ಡಮ್ಮನೂ ಖುಷಿಯಾದಳು. ಪಾಪ, ಕಪಿಲಕ್ಕ ಅಲ್ಲೇ ಎಡವಿದಳು. ತನ್ನ ಮೊಬೈಲೊಂದನ್ನೇ ನಂಬಿ "ಒಪ್ಪಿದೆ" ಎಂದುಬಿಟ್ಟಳು. ಚಿಗುರಮ್ಮನಿಗೂ ಹೇಳಿದಳು, "ನೀರು ಬಂದರೆ ಹೆದರಬೇಡ. ಹೆಸರು ಬರಿ. ದೊಡ್ಡ ಆನೆ ಚಿತ್ರ ಬರುತ್ತೆ. ಅದನ್ನ ಗುದ್ದು."

ಜಂಬಣ್ಣನಿಗೆ ಹಾರ ಹಾಕಿದರು. ಅವನು ಹಾರದ ಸಮೇತ ಬಂಡೆಗವಿಗೆ ಹೋಗಿ ಕಾಲು ಚಾಚಿ ಮಲಗಿದ.

ಮಳೆ ಹಿಡಿಯಿತು. ಮಳೆಯೆಂದರೆ ಎಂಥ ಮಳೆ! ಹೊಳೆ ಕೆಂಪಾಗಿ ಉಕ್ಕತೊಡಗಿತು. ಜಂಬಣ್ಣ ಗವಿಯಲ್ಲಿ ಬೆಚ್ಚಗೆ ಕೂತಿದ್ದ. ತಟ್ಟನೆ ಅವನಿಗೆ ನೆನಪಾಯಿತು. ಹೊಳೆದಡದ ಹಳೆಯ ಬಿಲದಲ್ಲಿ ಒಣಮೀನಿನ ಗಡಿಗೆ ಉಳಿದುಹೋಗಿತ್ತು! "ಹೀಗೆ ಹೋಗಿ ಹಾಗೆ ಬರ್ತೀನಿ," ಎಂದು ಇಳಿದು ಹೋದ. ಗಡಿಗೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಸುತ್ತಲೂ ನೀರು. ಒಂದು ಹುತ್ತದ ಮೇಲೆ ಹತ್ತಿ ನಿಂತ.

ಅತ್ತ ಚಿಗುರಮ್ಮನ ಬಿಲದ ಬಾಯಿಗೂ ನೀರು ಬಂತು. ಅವಳು ಮರಿಗಳನ್ನೆಲ್ಲ ಎಳೆದು ಒಂದು ದಿಬ್ಬದ ಮೇಲೆ ಹಾಕಿದಳು. ಒದ್ದೆ ಕೈಯಲ್ಲೇ ಜಾಲತಾಣ ತೆರೆದಳು. ಮತ್ತೆ ಅದೇ "ಸರಿ"! ಈ ಸಲ ಅವಳು ಸರಿಯಲಿಲ್ಲ. ಹಿಂದೆ ಸರಿದರೆ ಹೊಳೆಯೇ ಇತ್ತು. ಒತ್ತಿದಳು. ಹೆಸರು ಬರೆದಳು. ಆನೆ ಚಿತ್ರಕ್ಕಾಗಿ ಹುಡುಕಿದಳು. ಆನೆ ಇಲ್ಲ! ಅದೇ ಎರಡು ಬಟನ್. ಗಾಜಿನ ಮೇಲೆ ಮಳೆಹನಿ. ಒತ್ತಿದಳು. "ನಿಮ್ಮ ಹೆಸರು ಅಳಿಸಲಾಗಿದೆ. ಧನ್ಯವಾದಗಳು." ಮತ್ತೆ ಬರೆದಳು. ಮತ್ತೆ ಧನ್ಯವಾದಗಳು. ನೀರು ಮರಿಗಳ ಕಾಲಿಗೆ ತಾಗಿತು. ಅವು ಕಣ್ಣು ಮುಚ್ಚಿಕೊಂಡೇ ಕುಂಯ್ ಎಂದವು.

"ಅಕ್ಕಾ! ಕಪಿಲಕ್ಕಾ!" ಎಂದು ಚಿಗುರಮ್ಮ ಹುಣಸೆಮರದ ಕಡೆ ಮುಖ ಮಾಡಿ ಚೀರಿದಳು. "ಆನೆನೇ ಇಲ್ಲ ಅಕ್ಕಾ!"

ಕಪಿಲಕ್ಕ ಕೊಂಬೆಯಿಂದ ಕೊಂಬೆಗೆ ಹಾರಿ ಬಂದಳು. ಚಿಗುರಮ್ಮನ ಮೊಬೈಲ್ ನೋಡಿದಳು. ತನ್ನದನ್ನು ನೋಡಿದಳು. ಎರಡೂ ಬೇರೆ ಬೇರೆ! "ಅಯ್ಯೋ ಜಂಬಣ್ಣ, ನಿನ್ನ ಜಂಬಕ್ಕೆ ಬೆಂಕಿ ಬೀಳ! ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೋ!"

ಬೈಯುತ್ತಲೇ ತನ್ನ ಮೊಬೈಲಿನಲ್ಲಿ ಚಿಗುರಮ್ಮನ ಹೆಸರು ಬರೆದು ಆನೆಯನ್ನು ಗುದ್ದಿದಳು. ದೊಡ್ಡಮ್ಮ ನೀರು ಸೀಳಿಕೊಂಡು ಬಂದಳು. ಮರಿಗಳನ್ನು ಒಂದೊಂದಾಗಿ ಸೊಂಡಿಲಿನಿಂದ ಎತ್ತಿ ಬೆನ್ನ ಮೇಲಿಟ್ಟಳು. ಚಿಗುರಮ್ಮ ಅವುಗಳ ಮೈ ನೆಕ್ಕುತ್ತಾ ಅತ್ತೇಬಿಟ್ಟಳು.

ಕಪಿಲಕ್ಕ ಮಾತ್ರ ನಿಲ್ಲಲಿಲ್ಲ. ಮರದಿಂದ ಮರಕ್ಕೆ ಹಾರಿ, ಸಿಕ್ಕಿಬಿದ್ದವರ ಹೆಸರು ಕೇಳಿ ಕೇಳಿ ಬರೆದಳು. ಮುಂಗುಸಿ ಹತ್ತಿತು. ಮುಳ್ಳುಹಂದಿ ಹತ್ತಿತು. ಮುಳ್ಳು ಚುಚ್ಚಿಸಿಕೊಂಡ ದೊಡ್ಡಮ್ಮ ಅದಕ್ಕೆ, "ಮೆಲ್ಲಗೆ ಕೂತ್ಕೋ ಮಾರಾಯ," ಎಂದಳು. ಆಮೆಗೆ ನೀರಿನ ಭಯವೇನೂ ಇರಲಿಲ್ಲ. ಆದರೂ ಆನೆಸವಾರಿಯ ಆಸೆಗೆ ಅದೂ ಹೆಸರು ಬರೆಸಿತು.

ಕೊನೆಗೆ ಹುತ್ತದ ಮೇಲೆ ಜಂಬಣ್ಣ ಕಂಡ. ಹೊಟ್ಟೆಯವರೆಗೆ ನೀರು. ಒಂದು ಕೈಯಲ್ಲಿ ಗಡಿಗೆ, ಇನ್ನೊಂದರಲ್ಲಿ ಮೊಬೈಲು. ಅವನ ಮೊಬೈಲಿನಲ್ಲೂ ಹಳೆಯ ಪುಟವೇ ಇತ್ತು. ಒತ್ತುತ್ತಿದ್ದ, ಅಳಿಸುತ್ತಿತ್ತು. ಒತ್ತುತ್ತಿದ್ದ, ಅಳಿಸುತ್ತಿತ್ತು. ಆ ಧನ್ಯವಾದಗಳನ್ನು ಬರೆದಿಟ್ಟವನೂ ಅವನೇ. ಒಂದೊಂದು ಧನ್ಯವಾದಕ್ಕೂ ಹಲ್ಲು ಕಡಿಯುತ್ತಿದ್ದ.

ಕಪಿಲಕ್ಕ ಮೇಲಿನ ಕೊಂಬೆಯಲ್ಲಿ ಕೂತಳು. "ಏನಪ್ಪಾ ಜಂಬಣ್ಣ, ಓದೋಕೆ ಬರಲ್ವಾ?"

"ಅಕ್ಕಾ, ಕೈ ಒದ್ದೆ ಅಕ್ಕಾ! ಎರಡೂ ಒಂದೇ ಥರ ಕಾಣುತ್ತೆ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಾರೋ ಹೇಳಿದ್ದ ನೆನಪು."

"ತಪ್ಪಾಯ್ತು ಅಕ್ಕಾ! ನಿನಗೊಂದು ಪುಟ, ಊರಿಗೆಲ್ಲ ಇನ್ನೊಂದು ಪುಟ ಇಟ್ಟೆ. ಗವಿ ಆಸೆಗೆ ಮೋಸ ಮಾಡಿದೆ. ನನ್ನ ಹೆಸರೂ ಬರಿಯಕ್ಕಾ!" ಜಂಬಣ್ಣ ಗೊಳೋ ಎಂದು ಅತ್ತ. ಅಷ್ಟು ಹೊತ್ತು ಹೆಸರನ್ನು ಅಳಿಸಿದ ಆ ಬಟನ್ನು ಕೊನೆಗೆ ಅವನನ್ನೂ ಅಳಿಸಿತು.

ಕಪಿಲಕ್ಕನಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಹೆಸರು ಬರೆದು ಆನೆಯನ್ನು ಒತ್ತಿದಳು. ದೊಡ್ಡಮ್ಮ ಬಂದು ಜಂಬಣ್ಣನನ್ನು ಎತ್ತಿ ಬೆನ್ನ ಮೇಲೆ ಹಾಕಿದಳು. ಗಡಿಗೆ ತೇಲಿ ಹೋಯಿತು. ಜಂಬಣ್ಣ ಮರಿಗಳ ಪಕ್ಕದಲ್ಲೇ ಬೆಚ್ಚಗೆ ಕೂರಲು ನೋಡಿದ.

"ಸರಿ!" ಎಂದಳು ಚಿಗುರಮ್ಮ.

ಜಂಬಣ್ಣ ಗಡಿಬಿಡಿಯಲ್ಲಿ ಮೊಬೈಲ್ ತೆಗೆದು ಒತ್ತಿದ.

"ಅದಲ್ಲ ಮಾರಾಯ, ಆಚೆ ಸರಿ! ಮರಿಗಳಿಗೆ ಜಾಗ ಬಿಡು!"

ಎಲ್ಲರೂ ಗೊಳ್ಳೆಂದು ನಕ್ಕರು. ಜಂಬಣ್ಣ ಸರಿದ. ಇನ್ನೂ ಸರಿದ. ಬಾಲದ ಬುಡಕ್ಕೆ ಬಂದು ಮುಳ್ಳುಹಂದಿಯ ಪಕ್ಕದಲ್ಲಿ ಕೂತ. ಗುಡ್ಡ ಮುಟ್ಟುವವರೆಗೂ ಅವನು ಉಸಿರು ಬಿಗಿಹಿಡಿದೇ ಇದ್ದ.

ಸಿಂಹರಾಯ ಎಲ್ಲ ಕೇಳಿ ತೀರ್ಪು ಕೊಟ್ಟ. ಬಂಡೆಗವಿ ಚಿಗುರಮ್ಮನ ಪಾಲಾಯಿತು. ಜಂಬಣ್ಣ ಜಾಲತಾಣವನ್ನು ತಿದ್ದಬೇಕಾಯಿತು. ಆಮೇಲೆ ಪ್ರತಿಯೊಬ್ಬರ ಮೊಬೈಲನ್ನೂ ಒದ್ದೆ ಕೈಯಲ್ಲಿ ಹಿಡಿದು, ಸುರಿಯುವ ಮಳೆಯಲ್ಲಿ ನಿಂತು ಒತ್ತಿ ನೋಡಬೇಕಾಯಿತು. ಅವನು ಸೀನಿದ್ದೇ ಸೀನಿದ್ದು. ಕಪಿಲಕ್ಕ ಮರದ ಮೇಲೆ ಕೂತು, "ಇನ್ನೊಂದ್ಸಲ!" ಎನ್ನುತ್ತಿದ್ದಳು. ಈಗ ಅವಳೂ ತನ್ನ ಮೊಬೈಲೊಂದನ್ನೇ ನಂಬುತ್ತಿರಲಿಲ್ಲ.

ಕೊನೆಯ ಪರೀಕ್ಷೆಗೆ ಅವಳು ಆಮೆಯ ಮೊಬೈಲು ಇಸಿದುಕೊಂಡಳು. ಹೆಸರಿನ ಜಾಗದಲ್ಲಿ ಮತ್ತೆ "ಬಾಳೆಹಣ್ಣು" ಎಂದು ಬರೆದಳು. ಈ ಸಲ ಜಾಲತಾಣ ಹೇಳಿತು: "ಬಾಳೆಹಣ್ಣು ಪ್ರಾಣಿಯಲ್ಲ. ದಯವಿಟ್ಟು ನಿಮ್ಮ ಹೆಸರು ಬರೆಯಿರಿ." ಕಾಡಿಗೆ ಕಾಡೇ ಚಪ್ಪಾಳೆ ತಟ್ಟಿತು. ದೊಡ್ಡಮ್ಮ ಒಬ್ಬಳೇ ಗುಡ್ಡದ ಮೇಲೆ ನಿಂತು, ಇವತ್ತು ಯಾಕೋ ಸುದ್ದಿಯೇ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದಳು.

ನೀತಿ: ಹತ್ತು ಜನಕ್ಕೆ ಮಾಡಿದ ವಸ್ತುವನ್ನು ಹತ್ತು ಜನರ ಕೈಯಲ್ಲಿ ಕೊಟ್ಟು ಪರೀಕ್ಷಿಸಬೇಕು, ಪರೀಕ್ಷೆಗೇ ಮೋಸ ಮಾಡಿದವನು ಆಪತ್ತಿನಲ್ಲಿ ತನ್ನ ಮೋಸಕ್ಕೆ ತಾನೇ ಸಿಕ್ಕಿಬೀಳುತ್ತಾನೆ.